ದೇವರು ವರ ಕೊಟ್ಟರೂ ಫಾರಂ ಕೊಡದು

ಅರ್ಜಿಗಳೆಲ್ಲ ಈಗ ಇಂಟರ್‌ನೆಟ್ಟಿಗೆ ಬಂದು ಕೂತಿವೆ. ಆದರೆ ಅವು ಎಲ್ಲರ ಯಂತ್ರದಲ್ಲೂ ತೆರೆಯುತ್ತವೆಯೆ? ಕಣ್ಣು ಕಾಣದವರೂ, ಕೈ ನಡುಗುವವರೂ ಅವನ್ನು ತುಂಬಬಲ್ಲರೆ? ಎರಡು ಬೇರೆ ಬೇರೆ ತೊಡಕುಗಳಂತೆ ಕಾಣುವ ಇವುಗಳ ಬೇರು ಒಂದೇ.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಗೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರವನ್ನು ಕಾಯುತ್ತಿದ್ದ ಒಡ್ಡುಗಳು ಒಡೆದು ಊರಿನ ಬಹುಭಾಗ ನೀರಿನಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಕ್ಷಗಟ್ಟಲೆ ಮಂದಿ ಉಟ್ಟ ಬಟ್ಟೆಯಲ್ಲೇ ಬೇರೆ ಊರುಗಳಿಗೆ, ಬೇರೆ ರಾಜ್ಯಗಳಿಗೆ ಓಡಿದರು. ಅವರಿಗೆ ಪರಿಹಾರ ಕೊಡುವ ಹೊಣೆ ಕೇಂದ್ರ ಸರ್ಕಾರದ 'ಫೀಮಾ' ಎಂಬ ಸಂಸ್ಥೆಯದು. ಫೋನ್ ಮಾಡಿ ಹೆಸರು ಬರೆಸಿ, ಇಲ್ಲವೇ ಇಂಟರ್‌ನೆಟ್ ಮೂಲಕ ಅರ್ಜಿ ಹಾಕಿ ಎಂದು ಅದು ಪ್ರಕಟಿಸಿತು. ಫೋನಿಗೆ ಮುಗಿಬಿದ್ದವರೇ ಬಹಳ. ಸರಿ, ಇಂಟರ್‌ನೆಟ್ಟಿನಲ್ಲೇ ಹಾಕೋಣವೆಂದು ಹೋದವರಲ್ಲಿ ಕೆಲವರಿಗೆ ಸಿಕ್ಕಿದ್ದು ಅರ್ಜಿಯಲ್ಲ, ಒಂದು ಸೂಚನೆ: ಈ ತಾಣವನ್ನು ಬಳಸಲು ನಿಮ್ಮಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ 6ನೇ ಆವೃತ್ತಿ ಇರಬೇಕು!

ಆಪಲ್ ಕಂಪ್ಯೂಟರ್ ಇದ್ದವರು, ಲಿನಕ್ಸ್ ಬಳಸುವವರು, ಫೈರ್‌ಫಾಕ್ಸ್ ಹಾಕಿಕೊಂಡಿದ್ದವರು ಎಲ್ಲರೂ ಹೊರಗೆ ನಿಲ್ಲಬೇಕಾಯಿತು. ಪರಿಹಾರ ಕೊಡಲು ಸರ್ಕಾರ ಸಿದ್ಧವಿತ್ತು. ಕೊಡಲು ಒಪ್ಪದಿದ್ದದ್ದು ಫಾರಂ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಆಧುನಿಕ ಉದಾಹರಣೆ ಸಿಗಲಾರದು.

ಇದೇನು ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. ಪಿಂಚಣಿ, ಪಡಿತರ ಚೀಟಿ, ಪರೀಕ್ಷೆಯ ಪ್ರವೇಶ, ರೈಲು ಟಿಕೆಟ್, ಬ್ಯಾಂಕ್ ಖಾತೆ ಎಲ್ಲಕ್ಕೂ ಈಗ ಪರದೆಯ ಮೇಲಿನ ಅರ್ಜಿಯೇ ಹೆಬ್ಬಾಗಿಲು. ಸುದ್ದಿ ಓದುವ ಪುಟ ಸ್ವಲ್ಪ ಸೊಟ್ಟಗೆ ಕಂಡರೆ ಹೇಗೋ ಓದಿಕೊಳ್ಳಬಹುದು. ಆದರೆ ಅರ್ಜಿಯ ಒಂದೇ ಒಂದು ಕಾಲಂ ಕೈಕೊಟ್ಟರೂ 'ಸಲ್ಲಿಸಿ' ಎಂಬ ಬಟನ್ ಅಲ್ಲಾಡುವುದಿಲ್ಲ. ಹತ್ತರಲ್ಲಿ ಒಂಬತ್ತು ಕಾಲಂ ತುಂಬಿದವರೂ ಒಂದನ್ನೂ ತುಂಬದವರೂ ಅಲ್ಲಿ ಸಮಾನರು.

ಮೂಲದಲ್ಲಿ ಇದ್ದ ಜಾಣತನ

ಟಿಮ್ ಬರ್ನರ್ಸ್-ಲೀ ಕಟ್ಟಿದ ಜಾಲದಲ್ಲಿ ಮೊದಲು ಇದ್ದದ್ದು ಮುಖ್ಯವಾಗಿ ಓದುವ ಸೌಲಭ್ಯ. ಓದುಗ ತಿರುಗಿ ಉತ್ತರ ಬರೆಯುವ ಅರ್ಜಿ ನಮೂನೆ ಬಳಕೆಗೆ ಬಂದದ್ದು 1993ರ ಸುಮಾರಿಗೆ, ಮೊಸಾಯಿಕ್ ಎಂಬ ಬ್ರೌಸರಿನ ಕಾಲದಲ್ಲಿ. (ಜಾಲದ ಪುಟಗಳನ್ನು ತಂದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು.) 1995ರ ನವೆಂಬರಿನಲ್ಲಿ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 2.0 ಆವೃತ್ತಿ ಹೊರಬಂದಾಗ ಅದರಲ್ಲಿ ಅರ್ಜಿಯ ಅಂಗಾಂಗಗಳಿಗೆ ಅಧಿಕೃತ ಸ್ಥಾನ ಸಿಕ್ಕಿತು. ಬರೆಯುವ ಚೌಕ, ಗುರುತು ಹಾಕುವ ಚೌಕ, ಹಲವುಗಳಲ್ಲಿ ಒಂದನ್ನು ಆರಿಸುವ ದುಂಡು ಗುರುತು, ಆಯ್ಕೆಯ ಪಟ್ಟಿ, ಸಲ್ಲಿಸುವ ಬಟನ್. ಇವತ್ತಿನ ಅರ್ಜಿಗಳಲ್ಲಿ ಇರುವುದೂ ಹೆಚ್ಚುಕಡಿಮೆ ಇವೇ.

ಇದರ ಹಿಂದೆ ಒಂದು ಜಾಣತನವಿತ್ತು. ಪುಟ ಬರೆಯುವವನು 'ಇಲ್ಲೊಂದು ಆಯ್ಕೆಯ ಪಟ್ಟಿ ಬೇಕು' ಎಂದಷ್ಟೇ ಹೇಳುತ್ತಾನೆ. ಆ ಪಟ್ಟಿ ಹೇಗೆ ಕಾಣಬೇಕು, ಹೇಗೆ ತೆರೆಯಬೇಕು ಎಂಬುದು ಬ್ರೌಸರಿಗೆ ಬಿಟ್ಟದ್ದು. ಹೀಗಾಗಿ ಅದೇ ಪಟ್ಟಿ ವಿಂಡೋಸಿನಲ್ಲಿ ವಿಂಡೋಸಿನ ರೀತಿ, ಆಪಲ್‌ನಲ್ಲಿ ಆಪಲ್‌ನ ರೀತಿ ಕಾಣುತ್ತದೆ. ಮೊಬೈಲಿನಲ್ಲಿ ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದಾಗಿ ತೆರೆದುಕೊಳ್ಳುತ್ತದೆ. ಕಣ್ಣು ಕಾಣದವರ ಯಂತ್ರದಲ್ಲಿ ಕಾಣುವುದರ ಬದಲು ಕೇಳಿಸುತ್ತದೆ. ಬೇಕು ಎಂದದ್ದು ಒಂದೇ, ಬಡಿಸಿದ್ದು ಅವರವರ ತಟ್ಟೆಗೆ ತಕ್ಕಂತೆ. ಎಲ್ಲ ಬ್ರೌಸರಿನಲ್ಲೂ ನಡೆಯುವ ಗುಣ, ಎಲ್ಲ ಮನುಷ್ಯರಿಗೂ ನಿಲುಕುವ ಗುಣ, ಎರಡೂ ಈ ಒಂದೇ ಏರ್ಪಾಟಿನಿಂದ ಹುಟ್ಟಿದವು. ಇದನ್ನು ಕೆಡಿಸಿದರೆ ಎರಡೂ ಒಟ್ಟಿಗೇ ಕೆಡುತ್ತವೆ. ಮುಂದೆ ಆದದ್ದು ಅದೇ.

ಬ್ರೌಸರುಗಳ ಕಾಳಗ

1994ರ ಡಿಸೆಂಬರಿನಲ್ಲಿ ನೆಟ್‌ಸ್ಕೇಪ್ ಬಂತು. 1995ರ ಆಗಸ್ಟಿನಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಂತು. ಇಬ್ಬರೂ ಪೈಪೋಟಿಯ ಮೇಲೆ ತಮ್ಮದೇ ಹೊಸ ಹೊಸ ಸೌಲಭ್ಯಗಳನ್ನು ಸೇರಿಸುತ್ತ ಹೋದರು. ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. 'ಈ ತಾಣವನ್ನು ಇಂಥ ಬ್ರೌಸರಿನಲ್ಲಿ ನೋಡಿದರೆ ಚೆನ್ನ' ಎಂಬ ಫಲಕಗಳು ಪುಟಪುಟಗಳಲ್ಲೂ ತೂಗಾಡತೊಡಗಿದವು. ಇದರಿಂದ ಬೇಸತ್ತ ತಂತ್ರಜ್ಞರು 1998ರಲ್ಲಿ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಎಂಬ ಗುಂಪು ಕಟ್ಟಿಕೊಂಡು, ಎಲ್ಲರೂ ಒಪ್ಪಿದ ಒಂದೇ ನಿಯಮವನ್ನು ಎಲ್ಲ ಬ್ರೌಸರುಗಳೂ ಪಾಲಿಸಲಿ ಎಂದು ಒತ್ತಾಯಿಸಿದರು.

ಆದರೆ ಅಷ್ಟರಲ್ಲಿ ಕಾಳಗ ಮುಗಿಯುತ್ತ ಬಂದಿತ್ತು. 2002-03ರ ಹೊತ್ತಿಗೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಬಳಸುತ್ತಿದ್ದುದು ಎಕ್ಸ್‌ಪ್ಲೋರರನ್ನೇ. ಹಾಗಿರುವಾಗ ಮಿಕ್ಕ ಕೆಲವರಿಗಾಗಿ ಯಾರು ತಲೆಕೆಡಿಸಿಕೊಳ್ಳುತ್ತಾರೆ? ಫೀಮಾದ ಅರ್ಜಿ ಹುಟ್ಟಿದ್ದು ಈ ಮನೋಭಾವದಿಂದ. ದಕ್ಷಿಣ ಕೊರಿಯಾದಲ್ಲಂತೂ ಬ್ಯಾಂಕ್ ವ್ಯವಹಾರದ ಭದ್ರತೆಗೆಂದು ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಕೆಲಸ ಮಾಡುವ 'ಆಕ್ಟಿವ್ ಎಕ್ಸ್' ತಂತ್ರವನ್ನು ನೆಚ್ಚಿಕೊಂಡು, ಇಡೀ ದೇಶವೇ ಹಲವು ವರ್ಷ ಒಂದೇ ಕಂಪನಿಯ ಬ್ರೌಸರಿಗೆ ಕಟ್ಟುಬಿದ್ದಿತು. ನಮ್ಮಲ್ಲೂ ಡಿಜಿಟಲ್ ಸಹಿ ಬೇಡುವ ಹಲವು ತಾಣಗಳು ಎಕ್ಸ್‌ಪ್ಲೋರರನ್ನೇ ಕೇಳುತ್ತಿದ್ದ ಕಾಲವೊಂದಿತ್ತು. ಕೊನೆಗೆ 2022ರ ಜೂನ್ 15ರಂದು ಮೈಕ್ರೋಸಾಫ್ಟ್ ತಾನೇ ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. ಅದನ್ನೊಂದನ್ನೇ ನಂಬಿದವರ ಗತಿ, ದೋಣಿ ಮುಳುಗಿದ ಮೇಲೆ ಹುಟ್ಟು ಹಿಡಿದು ನಿಂತವರಂತಾಯಿತು.

ಹೆಸರಿಲ್ಲದ ಚೌಕಗಳು

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ 1989ರಲ್ಲಿ 'ಜಾಸ್' ತಂದರು. ಅದರ ಬೆಲೆ ದುಬಾರಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್, ಅವರೂ ದೃಷ್ಟಿಯಿಲ್ಲದವರೇ, 'ಎನ್‌ವಿಡಿಎ' ಎಂಬ ತಂತ್ರಾಂಶವನ್ನು ಆರಂಭಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದರ ಜೊತೆಗೆ ಬರುವ ಧ್ವನಿ ಕನ್ನಡವನ್ನೂ ಓದುತ್ತದೆ.

ಈಗ ಅರ್ಜಿಯೊಂದನ್ನು ಊಹಿಸಿಕೊಳ್ಳಿ. 'ತಂದೆಯ ಹೆಸರು' ಎಂದು ಬರೆದಿದೆ, ಪಕ್ಕದಲ್ಲೊಂದು ಚೌಕವಿದೆ. ನೋಡುವ ಕಣ್ಣಿಗೆ ಅವೆರಡರ ಸಂಬಂಧ ತಾನಾಗಿ ತಿಳಿಯುತ್ತದೆ. ಯಂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೆ ಅದು ಒಂದಿಷ್ಟು ಅಕ್ಷರ, ಇದು ಒಂದು ಚೌಕ, ಅಷ್ಟೆ. ಆದ್ದರಿಂದ ಆ ಚೌಕಕ್ಕೆ ಬಂದಾಗ ಓದುವ ತಂತ್ರಾಂಶ ಹೇಳುವುದು, 'ಬರೆಯುವ ಚೌಕ, ಖಾಲಿ.' ಮುಂದಿನದಕ್ಕೆ ಹೋದರೂ 'ಬರೆಯುವ ಚೌಕ, ಖಾಲಿ.' ಹೀಗೆ ಇಪ್ಪತ್ತು ಚೌಕಗಳ ಅರ್ಜಿಯಲ್ಲಿ ಇಪ್ಪತ್ತು ಸಲ ಅದೇ ಮಾತು. ಹೆಸರು ಬರೆಯಬೇಕಾದಲ್ಲಿ ಪಿನ್‌ಕೋಡ್ ಹೋದರೆ ತಪ್ಪು ಯಾರದು?

ಇದಕ್ಕೆ ಮದ್ದು 1997ರ ಡಿಸೆಂಬರಿನಲ್ಲೇ ಬಂದಿದೆ. ಎಚ್‌ಟಿಎಂಎಲ್ 4.0 ಆವೃತ್ತಿಯಲ್ಲಿ 'ಲೇಬಲ್' ಎಂಬ ಗುರುತನ್ನು ಸೇರಿಸಿದರು. ಈ ಮಾತು ಈ ಚೌಕಕ್ಕೆ ಸೇರಿದ್ದು ಎಂದು ಅದು ಗಂಟು ಹಾಕುತ್ತದೆ. ಆಗ ತಂತ್ರಾಂಶ 'ತಂದೆಯ ಹೆಸರು, ಬರೆಯುವ ಚೌಕ, ಕಡ್ಡಾಯ' ಎಂದು ಬಿಡಿಸಿ ಹೇಳುತ್ತದೆ. ಇದಕ್ಕೆ ತಗಲುವ ಶ್ರಮ ಪ್ರತಿ ಚೌಕಕ್ಕೆ ಒಂದು ಸಾಲು ಬರೆಯುವುದು ಮಾತ್ರ. ಲಾಭ ಕಣ್ಣಿಲ್ಲದವರಿಗಷ್ಟೇ ಅಲ್ಲ. ಲೇಬಲ್ ಇದ್ದರೆ ಸಾಸಿವೆಯಷ್ಟಿರುವ ಗುರುತಿನ ಚೌಕಕ್ಕೆ ಗುರಿಯಿಡಬೇಕಿಲ್ಲ, ಪಕ್ಕದ ಮಾತಿನ ಮೇಲೆ ಒತ್ತಿದರೂ ಗುರುತು ಬೀಳುತ್ತದೆ. ಕೈ ನಡುಗುವ ಹಿರಿಯರಿಗೆ, ಬಸ್ಸಿನಲ್ಲಿ ನಿಂತು ಮೊಬೈಲ್ ಒತ್ತುವ ಹುಡುಗನಿಗೆ, ಇಬ್ಬರಿಗೂ ಅನುಕೂಲ.

ಇಷ್ಟು ಸುಲಭದ ಕೆಲಸವನ್ನು ಎಷ್ಟು ಮಂದಿ ಮಾಡುತ್ತಿದ್ದಾರೆ? ಅಮೆರಿಕದ ವೆಬ್‌ಏಮ್ ಸಂಸ್ಥೆ ವರ್ಷಕ್ಕೊಮ್ಮೆ ಹತ್ತು ಲಕ್ಷ ಪ್ರಮುಖ ತಾಣಗಳ ಮುಖಪುಟಗಳನ್ನು ಜಾಲಾಡುತ್ತದೆ. 2024ರಲ್ಲಿ ಅದು ಕಂಡದ್ದು: ಶೇ 95.9ರಷ್ಟು ಪುಟಗಳಲ್ಲಿ ಒಂದಲ್ಲ ಒಂದು ಅಡಚಣೆಯಿತ್ತು. ಶೇ 48.6ರಷ್ಟು ಪುಟಗಳಲ್ಲಿ ಲೇಬಲ್ ಇಲ್ಲದ ಚೌಕಗಳಿದ್ದವು. ಮದ್ದು ಬಂದು ಕಾಲು ಶತಮಾನ ದಾಟಿದ ಮೇಲಿನ ಮಾತಿದು.

ಹಲವು ತಾಣಗಳು ಲೇಬಲ್ ಬದಲು ಚೌಕದ ಒಳಗೇ ತಿಳಿ ಬೂದು ಬಣ್ಣದಲ್ಲಿ 'ನಿಮ್ಮ ಹೆಸರು' ಎಂದು ಬರೆದಿಡುತ್ತವೆ. ಮೊದಲ ಅಕ್ಷರ ಒತ್ತುತ್ತಲೇ ಅದು ಮಾಯ. ನಡುವೆ ಫೋನ್ ಬಂದು ಗಮನ ತಪ್ಪಿದರೆ ಅಲ್ಲಿ ಏನು ಕೇಳಿದ್ದರೆಂದು ತಿಳಿಯಲು ಬರೆದದ್ದನ್ನೆಲ್ಲ ಅಳಿಸಬೇಕು.

ಚೆಂದದ ಹುಚ್ಚು

ಬ್ರೌಸರ್ ತಾನಾಗಿ ಕೊಡುವ ಪಟ್ಟಿ, ಚೌಕಗಳು ನೋಡಲು ಸಪ್ಪೆ. ಒಂದೊಂದು ಬ್ರೌಸರಿನಲ್ಲಿ ಒಂದೊಂದು ತರಹ. ವಿನ್ಯಾಸಕಾರರಿಗೆ ಇದು ಸರಿಬೀಳಲಿಲ್ಲ. ತಮ್ಮ ಕಂಪನಿಯ ಬಣ್ಣದಲ್ಲಿ, ಎಲ್ಲೆಡೆ ಒಂದೇ ರೂಪದಲ್ಲಿ ಇರಬೇಕೆಂದು ಅಸಲಿ ಪಟ್ಟಿಯನ್ನು ಕಿತ್ತು, ಬಣ್ಣ ಬಳಿದ ಬರೀ ಚೌಕಗಳಿಂದ ನಕಲಿ ಪಟ್ಟಿ ಕಟ್ಟಿದರು. ಕಣ್ಣಿಗೆ ಸೊಗಸು, ಮೌಸಿನಿಂದ ಒತ್ತಿದರೆ ತೆರೆಯುತ್ತದೆ. ಆದರೆ ಕೀಲಿಮಣೆಯ ಟ್ಯಾಬ್ ಕೀಲಿ ಒತ್ತಿದರೆ ಅಲ್ಲಿ ನಿಲ್ಲುವುದಿಲ್ಲ, ಬಾಣದ ಕೀಲಿಗೆ ಜಗ್ಗುವುದಿಲ್ಲ. ಓದುವ ತಂತ್ರಾಂಶಕ್ಕೆ ಅಲ್ಲೊಂದು ಪಟ್ಟಿ ಇದೆಯೆಂದೇ ಗೊತ್ತಾಗುವುದಿಲ್ಲ. ಅಸಲಿಯಲ್ಲಿ ಬಿಟ್ಟಿ ಬರುತ್ತಿದ್ದ ಗುಣಗಳೆಲ್ಲ ನಕಲಿಯಲ್ಲಿ ಮಂಗಮಾಯ.

ಇಂಥವನ್ನು ರಿಪೇರಿ ಮಾಡಲೆಂದೇ ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2014ರಲ್ಲಿ 'ಏರಿಯಾ' ಎಂಬ ನಿಯಮಾವಳಿ ತಂದಿತು. 'ಇದು ಆಯ್ಕೆಯ ಪಟ್ಟಿ' ಎಂದು ನಕಲಿಯ ಮೇಲೆ ಚೀಟಿ ಅಂಟಿಸುವ ವಿಧಾನ ಅದು. ಆದರೆ ಚೀಟಿ ಹೆಸರು ಹೇಳುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ. ಗೋಡೆಯ ಮೇಲೆ 'ಬಾಗಿಲು' ಎಂದು ಬರೆದ ಮಾತ್ರಕ್ಕೆ ಗೋಡೆ ತೆರೆದುಕೊಳ್ಳುತ್ತದೆಯೆ? ಕೀಲಿ ಒತ್ತಿದಾಗ ಏನಾಗಬೇಕೆಂಬುದನ್ನು ಪ್ರತ್ಯೇಕವಾಗಿ ಬರೆಯಬೇಕು, ಒಂದೊಂದು ಬ್ರೌಸರಿನಲ್ಲೂ ಪರೀಕ್ಷಿಸಬೇಕು. ಅದಕ್ಕೇ ಏರಿಯಾ ಬಳಕೆಯ ಮೊದಲ ಸೂತ್ರ ಹೇಳುವುದು: ಅಸಲಿ ಸಿಗುವಲ್ಲಿ ನಕಲಿ ಬೇಡ.

ಚೆಂದ ಬೇಡವೆಂದಲ್ಲ. 2025ರ ಏಪ್ರಿಲಿನಲ್ಲಿ ಬಂದ ಕ್ರೋಮ್ ಬ್ರೌಸರಿನ 135ನೇ ಆವೃತ್ತಿ, ಅಸಲಿ ಪಟ್ಟಿಯನ್ನೇ ಬೇಕಾದಂತೆ ಸಿಂಗರಿಸಲು ಅವಕಾಶ ಕೊಟ್ಟಿತು. ಈ ಸೌಲಭ್ಯ ಇಲ್ಲದ ಬ್ರೌಸರಿನಲ್ಲಿ ಅದೇ ಪಟ್ಟಿ ಸಿಂಗಾರವಿಲ್ಲದೆ ತೆರೆಯುತ್ತದೆ. ಆದರೆ ತೆರೆಯುತ್ತದೆ!

ಹುಟ್ಟಿದ ದಿನದ ತಾಪತ್ರಯ

ಅರ್ಜಿಯಲ್ಲಿ ಅತಿ ಸಾಮಾನ್ಯ ಪ್ರಶ್ನೆ ಹುಟ್ಟಿದ ದಿನಾಂಕ. ಬ್ರೌಸರುಗಳನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆಗಳಲ್ಲಿ ಒಂದೂ ಅದೇ. ದಿನಾಂಕಕ್ಕೆಂದೇ ಇರುವ ಚೌಕವನ್ನು ಕ್ರೋಮ್ 2012ರಲ್ಲಿ ತೋರಿಸಿತು. ಫೈರ್‌ಫಾಕ್ಸ್ 2017ರ ನವೆಂಬರಿನಲ್ಲಿ ತೋರಿಸಿತು. ಆಪಲ್ ಕಂಪ್ಯೂಟರಿನ ಸಫಾರಿ 2021ರ ಏಪ್ರಿಲಿನಲ್ಲಿ. ಒಂದು ದಿನಾಂಕ ಕೇಳಲು ಒಂಬತ್ತು ವರ್ಷದ ಅಂತರ! ಆ ಅವಧಿಯಲ್ಲಿ ಅರಿಯದ ಬ್ರೌಸರುಗಳೇನೂ ಕೈಚೆಲ್ಲಲಿಲ್ಲ. ತಿಳಿಯದ ಚೌಕವನ್ನು ಸಾಧಾರಣ ಬರೆಯುವ ಚೌಕವಾಗಿ ತೋರಿಸು ಎಂಬುದು ಎಚ್‌ಟಿಎಂಎಲ್‌ನ ನಿಯಮ. ಅದೇ ಅರ್ಜಿದಾರರನ್ನು ಕಾಪಾಡಿತು.

ಕಾಯಲು ಒಪ್ಪದವರು ತಾವೇ ಪಂಚಾಂಗ ಕಟ್ಟಿದರು. ಹಿಂದಿನ ತಿಂಗಳಿಗೆ ಹೋಗಲು ಒಂದು ಬಾಣ, ಅಷ್ಟೆ. ವರ್ಷ ಆರಿಸಲು ದಾರಿಯಿಲ್ಲದ ಇಂಥ ಪಂಚಾಂಗದಲ್ಲಿ ಎಪ್ಪತ್ತು ವರ್ಷದ ಪಿಂಚಣಿದಾರರೊಬ್ಬರು ತಾವು ಹುಟ್ಟಿದ ತಿಂಗಳನ್ನು ಮುಟ್ಟಲು 840 ಸಲ ಬಾಣ ಒತ್ತಬೇಕು. ಬ್ರಿಟನ್ ಸರ್ಕಾರದ ತಂತ್ರಜ್ಞರು ಇದಕ್ಕೆ ಕಂಡುಕೊಂಡ ಉಪಾಯ ತೀರ ಸರಳ. ದಿನ, ತಿಂಗಳು, ವರ್ಷ ಎಂದು ಮೂರು ಬರೆಯುವ ಚೌಕ, ಮೂರಕ್ಕೂ ಲೇಬಲ್. ಯಾವ ಬ್ರೌಸರಿನಲ್ಲೂ ತೊಡಕಿಲ್ಲ.

ಸಂಖ್ಯೆಯ ಚೌಕದಲ್ಲೂ ಒಂದು ಹೊಂಡವಿದೆ. ಫೋನ್ ನಂಬರಿಗೆ, ಖಾತೆಯ ನಂಬರಿಗೆ 'ಸಂಖ್ಯೆ' ಎಂಬ ಜಾತಿಯ ಚೌಕ ಇಟ್ಟರೆ ಸರಿ ಎಂದು ತೋರುತ್ತದೆ. ಆದರೆ ಅದು ಎಣಿಕೆಗೆ ಮಾಡಿದ ಚೌಕ. ಚೌಕದಲ್ಲಿದ್ದಾಗ ಮೌಸಿನ ಚಕ್ರ ತಿರುಗಿಸಿದರೆ ಕೆಲವು ಬ್ರೌಸರುಗಳಲ್ಲಿ ಸಂಖ್ಯೆ ಸದ್ದಿಲ್ಲದೆ ಒಂದು ಹೆಚ್ಚುತ್ತದೆ, ಇಲ್ಲವೇ ತಗ್ಗುತ್ತದೆ. ಖಾತೆಯ ನಂಬರಿನ ಕೊನೆಯ ಅಂಕಿ ಬದಲಾದರೆ ಹಣ ಯಾರ ಪಾಲಾದೀತು? ಬ್ರಿಟನ್ನಿನವರು ಈ ಚೌಕವನ್ನು ಬಿಟ್ಟು, ಸಾಧಾರಣ ಬರೆಯುವ ಚೌಕವನ್ನೇ ಇಟ್ಟು, ಮೊಬೈಲಿನಲ್ಲಿ ಅಂಕಿಗಳ ಕೀಲಿಮಣೆ ಮಾತ್ರ ಏಳುವಂತೆ ಮಾಡಿದರು.

ಲಕ್ಷ್ಮಮ್ಮನಿಗೆ ಎಷ್ಟು ಅಕ್ಷರ?

ಬ್ರೌಸರಿನದೂ ಅಲ್ಲದ, ಕಣ್ಣಿನದೂ ಅಲ್ಲದ ಇನ್ನೊಂದು ಅಡ್ಡಗೋಡೆ ನಮ್ಮಂಥವರಿಗೆ ಇದೆ. ಪರದೇಶದ ಪದ್ಧತಿಯಂತೆ ಅರ್ಜಿಗಳು 'ಮೊದಲ ಹೆಸರು, ಕೊನೆಯ ಹೆಸರು' ಕೇಳುತ್ತವೆ. ಎರಡೂ ಕಡ್ಡಾಯ. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರವನ್ನು ಇನಿಷಿಯಲ್ ಮಾಡಿಕೊಂಡ ಕರ್ನಾಟಕದ ಜನ 'ಕೊನೆಯ ಹೆಸರು' ಎಲ್ಲಿಂದ ತರಬೇಕು? ಇನಿಷಿಯಲ್ ಬರೆದರೆ ಒಂದೇ ಅಕ್ಷರ ಸಾಲದೆನ್ನುತ್ತದೆ. ಚುಕ್ಕಿ ಇಟ್ಟರೆ ವಿಶೇಷ ಚಿಹ್ನೆ ಕೂಡದೆನ್ನುತ್ತದೆ. ಹೀಗೆ ಒಬ್ಬರದೇ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ತರಹ ಆಗಿ, ತಾಳೆಯಾಗದೆ, ಮುಂದೆ ಅಲೆದಾಟ.

ಕನ್ನಡದಲ್ಲಿ ಬರೆದರೆ ಲೆಕ್ಕವೇ ಬೇರೆ. 'ಲಕ್ಷ್ಮಮ್ಮ' ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ವಿರಾಮ ಚಿಹ್ನೆಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುವ ಬ್ರೌಸರಿಗೆ ಅದು ಒಂಬತ್ತು. ಇಂಗ್ಲಿಷಿನ ಅಂದಾಜಿನಲ್ಲಿ ಅಳತೆ ಇಟ್ಟ ಚೌಕದಲ್ಲಿ ಕನ್ನಡದ ಉದ್ದ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಹೆಸರಿಗೆ ಒಂದೇ ಉದ್ದದ ಚೌಕ, ಯಾವ ಲಿಪಿಗೂ ಚಿಹ್ನೆಗೂ ತಡೆಯಿಲ್ಲದ ಚೌಕ ಇಟ್ಟರೆ ಇದೆಲ್ಲ ತಾಪತ್ರಯವೇ ಇಲ್ಲ.

ತಳಪಾಯದಿಂದ ಮೇಲಕ್ಕೆ

ಹಾಗಾದರೆ ಸರಿಯಾದ ಕ್ರಮ ಯಾವುದು? 2003ರಲ್ಲಿ ಸ್ಟೀವ್ ಚಾಂಪಿಯನ್ ಮತ್ತು ನಿಕ್ ಫಿಂಕ್ ಎಂಬ ಅಮೆರಿಕದ ಇಬ್ಬರು ಅದಕ್ಕೊಂದು ಹೆಸರು ಕೊಟ್ಟರು. 'ಹಂತಹಂತವಾಗಿ ಹೆಚ್ಚಿಸುವುದು' ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಮೊದಲು ಅಸಲಿ ಚೌಕ, ಅಸಲಿ ಬಟನ್, ಲೇಬಲ್‌ಗಳಿಂದ ಸಾದಾ ಅರ್ಜಿ. ಬೇರೇನೂ ಇಲ್ಲದಿದ್ದರೂ ಅದು ತುಂಬಿ ಕಳಿಸುವಂತಿರಬೇಕು. ಅದರ ಮೇಲೆ ಬಣ್ಣ, ಅಂದ. ಅದರ ಮೇಲೆ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಚಮತ್ಕಾರ. ಮೇಲಿನ ಅಂತಸ್ತು ಕುಸಿದರೂ ತಳಮನೆ ನಿಲ್ಲುತ್ತದೆ.

ಮೇಲಿನ ಅಂತಸ್ತು ಕುಸಿಯುವುದು ಅಪರೂಪವೆಂದು ತಿಳಿಯಬೇಡಿ. 2013ರಲ್ಲಿ ಬ್ರಿಟನ್ ಸರ್ಕಾರದ ತಂತ್ರಜ್ಞರು ತಮ್ಮ ತಾಣದಲ್ಲಿ ಲೆಕ್ಕ ಹಾಕಿದಾಗ ಶೇ 1.1ರಷ್ಟು ಜನರಿಗೆ ಜಾವಾಸ್ಕ್ರಿಪ್ಟ್ ಕೆಲಸ ಮಾಡಿರಲಿಲ್ಲ. ಆ 1.1ರಲ್ಲಿ ಬೇಡವೆಂದು ತಾವೇ ನಿಲ್ಲಿಸಿಕೊಂಡವರ ಪಾಲು 0.2 ಮಾತ್ರ. ಮಿಕ್ಕವರಿಗೆ ಅದು ಬೇರೆ ಬೇರೆ ಕಾರಣಗಳಿಂದ ತಲುಪಿರಲೇ ಇಲ್ಲ. ಸಿಗ್ನಲ್ ಬಂದು ಹೋಗುವ ಊರುಗಳ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಪ್ಪು ತೋರಿಸುವ ರೀತಿಯಲ್ಲೂ ಕರುಣೆ ಬೇಕು. ಚೌಕದ ಅಂಚು ಕೆಂಪಾದರೆ ಕಣ್ಣಿಲ್ಲದವರಿಗೆ ಕಾಣದು, ಬಣ್ಣಗುರುಡು ಇರುವವರಿಗೆ ತಿಳಿಯದು. 'ತಪ್ಪು' ಎಂದಷ್ಟೇ ಹೇಳಿದರೆ ಯಾರಿಗೂ ತಿಳಿಯದು. 'ಪಿನ್‌ಕೋಡ್ ಆರು ಅಂಕಿ ಇರಬೇಕು' ಎಂದು ಆ ಚೌಕದ ಬಳಿಯೇ ಅಕ್ಷರದಲ್ಲಿ ಬರೆದು, ಅದನ್ನು ಚೌಕಕ್ಕೆ ಗಂಟು ಹಾಕಿದರೆ ಎಲ್ಲರಿಗೂ ತಿಳಿಯುತ್ತದೆ. ಕ್ಯಾಪ್ಚಾ ಎಂಬ ಸೊಟ್ಟಂಬಟ್ಟೆ ಅಕ್ಷರಗಳ ಚಿತ್ರವಂತೂ ಯಂತ್ರವನ್ನು ತಡೆಯಲು ಹೋಗಿ ಮನುಷ್ಯರನ್ನೇ ತಡೆಯುತ್ತದೆ. ಡಬ್ಲ್ಯು3ಸಿ 2023ರ ಅಕ್ಟೋಬರಿನಲ್ಲಿ ಹೊರತಂದ ಮಾರ್ಗಸೂಚಿಯ 2.2 ಆವೃತ್ತಿ, ಒಳಗೆ ಬರುವವರಿಗೆ ಇಂಥ ಒಗಟು ಒಡ್ಡಿದರೆ ಬೇರೆ ದಾರಿಯನ್ನೂ ಕೊಡಿ ಎನ್ನುತ್ತದೆ. ಒಮ್ಮೆ ಬರೆಸಿದ್ದನ್ನು ಅದೇ ಅರ್ಜಿಯಲ್ಲಿ ಮತ್ತೆ ಬರೆಸಬೇಡಿ ಎಂದೂ ಹೇಳುತ್ತದೆ.

ದಯೆಯಲ್ಲ, ಹಕ್ಕು

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲಿ ಸುಮಾರು 13.24 ಲಕ್ಷ. ಇವರಿಗೆ ಅಡಚಣೆಯಿಲ್ಲದ ಸೇವೆ ಸಿಗಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿತು. ಆದರೆ ಅದರ ಕೆಳಗೆ ಮಾಡಿದ ನಿಯಮ ಬರೀ ಸಲಹೆಯಂತಿತ್ತು. ದೃಷ್ಟಿಯಿಲ್ಲದ ರಾಜೀವ್ ರಾಟೂರಿ ಅವರು ಹೂಡಿದ್ದ ದಾವೆಯಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಆ ನಿಯಮ ಕಾಯ್ದೆಗೇ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮ ರಚಿಸಿ ಎಂದು ಕೇಂದ್ರಕ್ಕೆ ಆದೇಶಿಸಿತು.

2025ರ ಏಪ್ರಿಲ್ 30ರಂದು ಬಂದ ಇನ್ನೊಂದು ತೀರ್ಪು ನೇರವಾಗಿ ಅರ್ಜಿಯ ಮಾತಿಗೇ ಕೈಹಾಕಿತು. ಬ್ಯಾಂಕ್ ಖಾತೆಗೆ, ಸಿಮ್ ಕಾರ್ಡಿಗೆ ಗುರುತು ದೃಢಪಡಿಸುವ 'ಕೆವೈಸಿ' ಹಂತದಲ್ಲಿ ಕ್ಯಾಮರಾ ಮುಂದೆ ಕಣ್ಣು ಮಿಟುಕಿಸಿ ಎನ್ನುತ್ತಾರೆ. ಆಸಿಡ್ ದಾಳಿಯಲ್ಲಿ ಕಣ್ಣುಗಳಿಗೆ ಹಾನಿಯಾದವರು ಹೇಗೆ ಮಿಟುಕಿಸಬೇಕು? ಆಸಿಡ್ ದಾಳಿಯ ಸಂತ್ರಸ್ತರೂ ದೃಷ್ಟಿಯಿಲ್ಲದ ವಕೀಲರೊಬ್ಬರೂ ಕೇಳಿದ ಪ್ರಶ್ನೆಗೆ ನ್ಯಾಯಾಲಯ ಸ್ಪಷ್ಟವಾಗಿ ಉತ್ತರಿಸಿತು. ಡಿಜಿಟಲ್ ಸೇವೆಗಳು ಎಲ್ಲರಿಗೂ ನಿಲುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಕಣ್ಣು ಮಿಟುಕಿಸುವುದಕ್ಕೆ ಬದಲಿ ವಿಧಾನ ಇರಲಿ, ಕಾಗದದ ಕೆವೈಸಿಯೂ ಮುಂದುವರಿಯಲಿ, ತಾಣಗಳ ತಪಾಸಣೆ ಕಾಲಕಾಲಕ್ಕೆ ನಡೆಯಲಿ ಎಂದು ಸೂಚಿಸಿತು.

ನೀವೇ ಪರೀಕ್ಷಿಸಿ

ಅರ್ಜಿ ಹೇಗಿದೆಯೆಂದು ತಿಳಿಯಲು ತಂತ್ರಜ್ಞರೇ ಆಗಬೇಕಿಲ್ಲ. ಐದು ನಿಮಿಷ ಸಾಕು. ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀಲಿ ಒತ್ತುತ್ತ ಹೋಗಿ. ಪ್ರತಿ ಚೌಕದಲ್ಲೂ ನಿಲ್ಲುತ್ತದೆಯೆ? ಎಲ್ಲಿದ್ದೀರೆಂದು ಕಾಣುತ್ತದೆಯೆ? ಚೌಕದ ಪಕ್ಕದ ಮಾತಿನ ಮೇಲೆ ಒತ್ತಿ. ಚೌಕ ಎಚ್ಚರಗೊಂಡರೆ ಲೇಬಲ್ ಇದೆಯೆಂದು ಅರ್ಥ. ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿ ನೋಡಿ, ಬೇರೆ ಬ್ರೌಸರಿನಲ್ಲೊಮ್ಮೆ ತೆರೆಯಿರಿ. ಬೇಕೆಂದೇ ಒಂದು ತಪ್ಪು ಮಾಡಿ, ಏನು ಹೇಳುತ್ತದೆಂದು ಓದಿ. ಶಾಲೆಗೋ ಸಹಕಾರ ಸಂಘಕ್ಕೋ ತಾಣ ಮಾಡಿಸುವವರು ಹಣ ಕೊಡುವ ಮೊದಲು ಈ ಪರೀಕ್ಷೆ ಮಾಡಿದರೆ ಒಳ್ಳೆಯದು. ತಾಣ ಕೆಟ್ಟದಾಗಿದ್ದರೆ ಸಂಬಂಧಪಟ್ಟವರಿಗೆ ಬರೆಯಿರಿ.

ಹಿಂದೆ ಅಂಚೆ ಕಚೇರಿಯ ಮುಂದೆ ಮನಿಯಾರ್ಡರ್ ಬರೆದುಕೊಡುವವರು ಕೂರುತ್ತಿದ್ದರು. ಓದು ಬಾರದವರ ಗುಟ್ಟು ಅವರ ಕೈಯಲ್ಲಿತ್ತು. ಇಂದು ಓದು ಬಲ್ಲ, ದುಡಿಯಬಲ್ಲ, ಕಂಪ್ಯೂಟರ್ ಬಳಸಬಲ್ಲ ವ್ಯಕ್ತಿಯೊಬ್ಬ, ಚೌಕಕ್ಕೆ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ ತನ್ನ ಪಾಸ್‌ವರ್ಡನ್ನೂ ಖಾತೆಯ ವಿವರವನ್ನೂ ಬೇರೆಯವರಿಗೆ ಒಪ್ಪಿಸಿ 'ಸ್ವಲ್ಪ ತುಂಬಿಕೊಡಿ' ಎಂದು ಬೇಡಬೇಕಾಗಿದೆ. ಅವನಿಗೆ ಬೇಕಾದದ್ದು ದೊಡ್ಡ ಯೋಜನೆಯಲ್ಲ. ಚೌಕಕ್ಕೊಂದು ಲೇಬಲ್.